ಮೂರು ಸುತ್ತಿನ ತಾಮ್ರದ ಪೈಪು

ಇಂಡಿ
14 ಜುಲೈ 2024

ಶಾಹಿಸ್ತಾ,

‘ಸೋರುವುದೆಲ್ಲ ಬರಿದಾಗದು’ ಎಂಬಷ್ಟು ನೆನಪಿದೆ. ಧಾರವಾಡದ ಹಾಸ್ಟೆಲಿನಲ್ಲಿ ನಮ್ಮ ಕೋಣೆಯ ಬಾಗಿಲ ಹಿಂದೆ ನೀನು ಸೀಸದಕಡ್ಡಿಯಿಂದ ಬರೆದಿದ್ದೆ. ಕೆಳಗೆ ಇನ್ನೊಂದು ಸಾಲಿತ್ತು, ಅದು ಮರೆತಿದೆ. ಎಂ.ಎ. ಓದುವ ಕಾಲಕ್ಕೆ ನನಗದು ಬಹಳ ದೊಡ್ಡ ಮಾತಾಗಿ ಕಂಡಿತ್ತು. ನಲವತ್ತೆಂಟು ತುಂಬಿದ ಮೇಲೆ ಅನುಮಾನ ಬಂದಿದೆ. ಸೋರಿದ್ದು ಬರಿದಾಗದೆ ಮತ್ತೇನಾಗುತ್ತದೆ? ನಮ್ಮ ಶೆಡ್ಡಿನ ನೆಲಕ್ಕೆ ಬಿದ್ದ ಎಣ್ಣೆ ತಿರುಗಿ ಇಂಜಿನ್ನಿಗೆ ಹೋದದ್ದನ್ನು ನಾನಂತೂ ಕಂಡಿಲ್ಲ.

ಅರುಣನ ಕಾರು ಸೋರುತ್ತಿದೆ. ಪುಣೆಯಿಂದ ಲಾರಿಯಲ್ಲಿ ಬಿಡಿಭಾಗಗಳ ಪೆಟ್ಟಿಗೆಗಳಾಗಿ ಬಂದ ಆ ಕಾರಿನ ಕಿಟ್ ಅನ್ನು ನನ್ನ ಗಂಡ ರಜೆಯ ದಿನಗಳಲ್ಲೆಲ್ಲ ಕೂತು ಜೋಡಿಸಿದ್ದು ನಿನಗೆ ಗೊತ್ತು. ಪೆಟ್ಟಿಗೆಗಳಲ್ಲಿ ಇಂಜಿನ್ ಇರಲಿಲ್ಲ. ಅದನ್ನು ಆರಿಸಿ, ಬಿಚ್ಚಿ, ಹೊಸದರಂತೆ ಮಾಡಿ ಕೊಟ್ಟವಳು ನೀನು. ಟೆಂಪೋಕ್ಕೆ ಏರಿಸುವಾಗ ನಿನ್ನ ಅಪ್ಪ ನಬಿಸಾಬರೂ ಒಂದು ಕೈ ಹಚ್ಚಿದ್ದರಂತೆ. ಅರುಣ ಅದನ್ನು ಓಡಿಸಿದ್ದು ನಮ್ಮ ನಿಂಬೆ ತೋಟದ ದಾರಿಯಲ್ಲಿ ಮಾತ್ರ. ಅದೂ ಕೆಲವೇ ಸಲ.

ಈ ಬೇಸಿಗೆಯಲ್ಲಿ ನಾನು ಡ್ರೈವಿಂಗ್ ಕಲಿತೆ. ಕಾರಣ ನನ್ನ ಅತ್ತೆ. ಮಗನ ಸಮಾಧಿ ತೋಟದ ಆ ತುದಿಗೆ ಇದೆ, ಅವರ ಮೊಣಕಾಲು ಅಲ್ಲಿಯವರೆಗೆ ನಡೆಸುವುದಿಲ್ಲ. ಟ್ರ್ಯಾಕ್ಟರ್ ಬೇಡವಂತೆ, ನನ್ನ ಸ್ಕೂಟಿ ಬೇಡವಂತೆ. “ನನ್ನ ಮಗನ ಗಾಡ್ಯಾಗ ಹೋಗ್ತೇನಿ. ಇಲ್ಲಾಂದ್ರ ಅಂವನ ಬರ್ಲಿ” ಎನ್ನುತ್ತಾರೆ. ದಿನಾ ಸಂಜೆ ಎಲೆಅಡಿಕೆಯ ಚೀಲ ಹಿಡಿದು ಶೆಡ್ಡಿಗೆ ಹೋಗಿ ಎಡಗಡೆಯ ಸೀಟಿನಲ್ಲಿ ಕೂತುಬಿಡುತ್ತಾರೆ. ನಾನು ಇಂಜಿನ್ ಶುರು ಮಾಡಿದರೆ ಸಾಕು, ಅವರ ಪಾದದ ಮೇಲೆ ಬಿಸಿ ಎಣ್ಣೆ ತೊಟ್ಟಿಕ್ಕುತ್ತದೆ.

ಇಲ್ಲಿನ ಮೆಕ್ಯಾನಿಕ್ ಮಾಳಿಂಗರಾಯನನ್ನು ಕರೆಸಿದೆ. ಎಣ್ಣೆಯ ಒತ್ತಡ ತೋರಿಸುವ ಮೀಟರಿಗೆ ಇಂಜಿನ್ನಿನಿಂದ ಬರುವ ತೆಳ್ಳನೆಯ ತಾಮ್ರದ ಪೈಪು ಸೋರುತ್ತಿದೆ ಎಂದ. “ಬಾಯಾರ, ಮೀಟರ್ ಯಾಕ ಬೇಕ್ರಿ? ಪೈಪ್ ಕಿತ್ತ ಒಗದು ಅದರ ಬಾಯಿಗೊಂದು ಬೋಲ್ಟ್ ಜಡೀತೇನಿ. ತ್ವಾಟದಾಗ ಓಡೂ ಗಾಡಿ, ಮೀಟರ್ ಯಾರ ನೋಡ್ತಾರ?”

ನಾನು ನೋಡುತ್ತೇನೆ, ಶಾಹಿಸ್ತಾ. ಇಂಜಿನ್ ಶುರುವಾದಾಗ ಮಲಗಿದ್ದ ಮುಳ್ಳು ನಿಧಾನಕ್ಕೆ ಏಳುತ್ತದಲ್ಲ, ಆಗ ಅರುಣ ನನ್ನ ಮೊಣಕೈ ತಟ್ಟಿ “ಎದ್ದಾನ ನೋಡು” ಎನ್ನುತ್ತಿದ್ದ. ಬೋಲ್ಟ್ ಜಡಿದರೆ ಕಾರು ಓಡೀತು, ಮುಳ್ಳು ಏಳುವುದಿಲ್ಲ.

ಫೋನ್ ಮಾಡಬಹುದಿತ್ತು. ಮಾಡಿದರೆ ಇಬ್ಬರೂ ಸುಮ್ಮನಾಗುತ್ತೇವೆ ಅನ್ನಿಸಿತು. ಅರುಣ ಹೋಗಿ ಮೂರು ವರ್ಷವಾಯಿತು. ಊರಿಗೆ ಊರೇ ಬಂದ ದಿನ ನೀನೊಬ್ಬಳು ಬರಲಿಲ್ಲ. ಯಾಕೆ ಎಂದು ಕೇಳಲು ಇದನ್ನು ಬರೆಯುತ್ತಿಲ್ಲ. ಪೈಪಿನ ಬಗ್ಗೆ ಬರೆಯುತ್ತಿದ್ದೇನೆ.

ಉತ್ತರ ಬಂದರೆ ಒಡೆದು ಓದುವವಳು,
ಸುವರ್ಣಾ

*

ಮುದ್ದೇಬಿಹಾಳ
2 ಆಗಸ್ಟ್ 2024

ಸುವರ್ಣಾ,

ಪತ್ರ ಗ್ಯಾರೇಜಿಗೆ ಬಂತು. ಮೊದಲು ಅಪ್ಪನ ಕೈಗೆ ಸಿಕ್ಕಿತು. ಅವನಿಗೆ ಈಗ ಕಣ್ಣು ಅಷ್ಟಕ್ಕಷ್ಟೆ, ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಇಂಜಿನ್ನುಗಳ ಸದ್ದು ಕೇಳುತ್ತ ಕೂತಿರುತ್ತಾನೆ. ಲಕೋಟೆಯನ್ನು ಮೂಸಿ, “ಇದು ಕಂಪನಿ ಕಾಗದ ಅಲ್ಲ ಬೇಟಿ, ನಿಂಬಿ ವಾಸನಿ ಐತಿ” ಎಂದ. ಅವನಿಗೆ ಓದಿ ಹೇಳಿದೆ. ಎಲ್ಲವನ್ನೂ ಅಲ್ಲ.

ಆ ಸಾಲು ದೊಡ್ಡ ಮಾತೂ ಅಲ್ಲ, ಕವಿತೆಯೂ ಅಲ್ಲ. ನಮ್ಮ ಮಹಡಿಯ ನಲ್ಲಿ ಸೋರುತ್ತಿತ್ತು, ವಾರ್ಡನ್ನಿಗೆ ಹೇಳಿ ಹೇಳಿ ಸಾಕಾಗಿ ಸಿಟ್ಟಿನಿಂದ ಬರೆದದ್ದು. ಎರಡನೆಯ ಸಾಲು ನನಗೆ ನೆನಪಿದೆ. ಸದ್ಯಕ್ಕೆ ಹೇಳುವುದಿಲ್ಲ.

ಈಗ ಪೈಪು. ಪಾನಾ ಮುಟ್ಟಬೇಡ. ಸೋರಿತು ಎಂದ ಕೂಡಲೇ ನಟ್ ಬಿಗಿಯುವುದು ಎಲ್ಲರ ಚಟ. ಆ ನಟ್ಟಿನೊಳಗೆ ಹಿತ್ತಾಳೆಯ ಒಂದು ಸಣ್ಣ ಉಂಗುರ ಪೈಪನ್ನು ತಬ್ಬಿಕೊಂಡಿರುತ್ತದೆ. ಹದವಾಗಿದ್ದರೆ ಒಂದು ಹನಿಯನ್ನೂ ಬಿಡುವುದಿಲ್ಲ. ಅತಿಯಾಗಿ ಬಿಗಿದರೆ ತಬ್ಬಿಕೊಂಡ ಪೈಪನ್ನೇ ಅದು ಕತ್ತರಿಸುತ್ತದೆ.

ಎಣ್ಣೆ ಕಾಣುವ ಜಾಗವೇ ಸೋರುವ ಜಾಗ ಎಂದು ತಿಳಿಯಬೇಡ. ಅತ್ತೆಯವರ ಪಾದಕ್ಕೆ ಬಿದ್ದದ್ದು ಎಲ್ಲಿಂದಲೋ ಹರಿದು ಬಂದಿರುತ್ತದೆ. ಇಂಜಿನ್ ತಣ್ಣಗಿರುವಾಗ ಪೈಪನ್ನು ಈ ತುದಿಯಿಂದ ಆ ತುದಿಯವರೆಗೆ ಸಾಬೂನು ನೀರಿನ ಬಟ್ಟೆಯಿಂದ ಒರೆಸು. ಚೆನ್ನಾಗಿ ಒಣಗಲಿ. ಮೇಲೆ ಜೋಳದ ಹಿಟ್ಟು ಉದುರಿಸು. ಆಮೇಲೆ ಇಂಜಿನ್ ಶುರು ಮಾಡಿ, ಬ್ಯಾಟರಿಯ ಬೆಳಕು ಹಿಡಿದು ನೋಡು. ಹಿಟ್ಟು ಮೊದಲು ಎಲ್ಲಿ ಕಪ್ಪಾಗುತ್ತದೋ ಅಲ್ಲಿ ಗಾಯವಿದೆ. ತಿರುಗುವ ಫ್ಯಾನಿನಿಂದ ಸೆರಗು ದೂರ ಇರಲಿ. ನಿನ್ನ ಸೆರಗು ನನಗೆ ಗೊತ್ತು.

ನೋಡಿ ಬರೆ.

ಗ್ಯಾರೇಜಿನಿಂದ,
ಶಾಹಿಸ್ತಾ

*

ಇಂಡಿ
25 ಆಗಸ್ಟ್ 2024

ಶಾಹಿಸ್ತಾ,

ನಿನ್ನ ಪತ್ರ ಬರುವಷ್ಟರಲ್ಲಿ ಇಲ್ಲೊಂದು ಅನಾಹುತವಾಗಿತ್ತು. ನಾನು ಪಾಠಕ್ಕೆಂದು ಸಿಂದಗಿಯ ಕಾಲೇಜಿಗೆ ಹೋಗಿದ್ದಾಗ ಅತ್ತೆ ತಾವೇ ರಿಪೇರಿಗೆ ಇಳಿದಿದ್ದಾರೆ. ಜಾಲಿ ಮರದ ಅಂಟನ್ನು ನೀರಲ್ಲಿ ನೆನೆಸಿ, ಹಳೆಯ ಧೋತರದ ಚಿಂದಿಗೆ ಬಳಿದು, ಪೈಪಿಗೆ ಗಾಯದ ಪಟ್ಟಿಯಂತೆ ಸುತ್ತಿದ್ದಾರೆ. ಒಡೆದ ಮೊರ, ಹರಿದ ಪಂಚಾಂಗ, ಬಿರುಕುಬಿಟ್ಟ ಕಾಳಿನ ಗುಮ್ಮಿ, ಈ ಮನೆಯಲ್ಲಿ ಏನೇ ಸೀಳಿದರೂ ಅವರ ಮದ್ದು ಅದೊಂದೇ. ಸಂಜೆ ಗತ್ತಿನಿಂದ ಸೀಟಿನಲ್ಲಿ ಕೂತು “ಚಾಲೂ ಮಾಡು” ಎಂದರು. ಮಾಡಿದೆ. ಮುಳ್ಳು ಎದ್ದಿತು. ಒಂದು ಹನಿಯೂ ಬೀಳಲಿಲ್ಲ. ಅವರು ನನ್ನನ್ನು ನೋಡಿದ ನೋಟವನ್ನು ನೀನು ನೋಡಬೇಕಿತ್ತು, ನಾನು ಓದಿದ ಓದೆಲ್ಲ ಅವರ ಎಲೆಯಡಿಕೆ ಚೀಲದೊಳಗೆ ಹೋಯಿತು. ಅಷ್ಟರಲ್ಲಿ ಪಟ್ಟಿ ಒಡೆದು ಎಣ್ಣೆ ಪಿಚಕಾರಿಯಂತೆ ಚಿಮ್ಮಿ ಇಲಕಲ್ ಸೀರೆಯ ಮಡಿಲು ತುಂಬಿತು.

ಸುಡುವಷ್ಟು ಕಾದಿರಲಿಲ್ಲ, ಪುಣ್ಯ. ಅವರು ಸೀರೆ ನೋಡಿಕೊಂಡು, “ಅರುಣ್ಯಾ ಹುಟ್ಟಿದಾಗೂ ಹಿಂಗ ಮಾಡಿದ್ದ” ಎಂದರು. ಇಬ್ಬರೂ ನಕ್ಕೆವು. ಅವನು ಹೋದ ಮೇಲೆ ಆ ಶೆಡ್ಡಿನಲ್ಲಿ ನಕ್ಕದ್ದು ಅದೇ ಮೊದಲು ಇರಬೇಕು.

ಅಂಟನ್ನೆಲ್ಲ ಕೆರೆದು ತೆಗೆದು ನೀನು ಹೇಳಿದಂತೆ ಹಿಟ್ಟು ಉದುರಿಸಿದೆ. ಎದುರುಮನೆಯ ಹುಲಿಗೆವ್ವ ಬ್ಯಾಟರಿ ಹಿಡಿದಿದ್ದಳು. ಅವಳು ನನ್ನ ನೆರೆಯವಳು ಅನ್ನುವುದಕ್ಕಿಂತ ಈ ಓಣಿಯ ಕಾವಲು. ಅವಳ ಕಟ್ಟೆ ದಾಟಿ ಬೆಕ್ಕೂ ಗುಟ್ಟಾಗಿ ಹೋಗಲಾರದು. “ರೊಟ್ಟಿ ಮಾಡೂ ಹಿಟ್ಟ ಗಾಡಿಗಿ ತಿನಸ್ತಿಯಲ್ಲ ತಂಗಿ, ಸಾಲಿ ಕಲತು ಕಲತು ತಲಿ ಕೆಟ್ಟೈತೇನ ನಿಂದು” ಎಂದು ಬಯ್ಯುತ್ತಲೇ ಅಲುಗಾಡದೆ ಹಿಡಿದಳು.

ಹಿಟ್ಟು ಕಪ್ಪಾದದ್ದು ನಟ್ಟಿನ ಬಳಿಯಲ್ಲ. ಇಂಜಿನ್ನಿನ ಕಡೆ, ನಟ್ಟಿನಿಂದ ಒಂದು ಬೆರಳು ಆಚೆ, ಪೈಪಿನ ಮೈಯಲ್ಲೇ. ಕೂದಲೆಳೆಯಂಥ ಬಿರುಕು. ಆ ತುದಿ ಎತ್ತರದಲ್ಲಿದೆಯಲ್ಲ, ಎಣ್ಣೆ ಪೈಪಿನ ಮೈಮೇಲೇ ಹರಿದು, ಇಂಜಿನ್ನಿಗೂ ಸೀಟಿಗೂ ನಡುವಿನ ತಗಡಿನ ತೂತಿನಲ್ಲಿ ಒಳಗೆ ಬಂದು, ಅತ್ತೆಯ ಪಾದ ಹುಡುಕುತ್ತದೆ. ನೀನು ಹೇಳಿದ್ದು ನಿಜ. ಕಾಣುವುದು ಒಂದು ಕಡೆ, ಗಾಯ ಇನ್ನೊಂದು ಕಡೆ.

ಇಂಡಿಯಿಂದ ಮುದ್ದೇಬಿಹಾಳ ಏನು ದೂರ? ಒಮ್ಮೆ ಬಂದು ನೋಡಿಬಿಡು ಎಂದು ಬರೆಯಲು ಮನಸ್ಸಾಗಿದೆ. ಬರೆದಿದ್ದೇನೆ, ನೋಡು.

ಕೈಗೆ ಇನ್ನೂ ಎಣ್ಣೆಯ ವಾಸನೆ ಇರುವ,
ಸುವರ್ಣಾ

*

ಮುದ್ದೇಬಿಹಾಳ
19 ಸೆಪ್ಟೆಂಬರ್ 2024

ಸುವರ್ಣಾ,

ಅಂಟಿನ ವಿಷಯ ಅಪ್ಪನಿಗೆ ಓದಿ ಹೇಳಿದೆ. ಕುರ್ಚಿಯಿಂದ ಬೀಳುವಷ್ಟು ನಕ್ಕ. ಆಮೇಲೆ “ಆ ಮುದುಕಿನ್ನ ನಮ್ಮ ಗ್ಯಾರೇಜಿಗೆ ಕೆಲಸಕ್ಕ ಕರಿ” ಎಂದ.

ಬಿರುಕು ಅಲ್ಲೇ ಇರುತ್ತದೆ ಎಂದು ನನಗೆ ಮೊದಲೇ ಗೊತ್ತಿತ್ತು. ನೀನೇ ಕಣ್ಣಾರೆ ನೋಡಲಿ ಎಂದು ಹೇಳಲಿಲ್ಲ. ಇಂಜಿನ್ ರಬ್ಬರಿನ ಮೇಲೆ ಕೂತಿದೆ, ಅಲುಗಾಡುತ್ತದೆ. ಮೀಟರು ಕೂತ ಹಲಗೆ ಅಲುಗಾಡುವುದಿಲ್ಲ. ಎರಡರ ನಡುವೆ ಪೈಪನ್ನು ತಂತಿಯಂತೆ ನೆಟ್ಟಗೆ ಎಳೆದು ಕಟ್ಟಿದರೆ ಇಂದಲ್ಲ ನಾಳೆ ಅದು ಸೀಳುತ್ತದೆ. ಅದಕ್ಕೇ ಇಂಜಿನ್ನಿನ ಹತ್ತಿರ ಪೈಪನ್ನು ಮೂರು ಸುತ್ತು ಸುತ್ತಿ ಬಿಡಬೇಕು, ಬಾಣಂತಿಯ ಕೈಬಳೆಯಷ್ಟು ಅಗಲ. ಅಲುಗಾಟವನ್ನೆಲ್ಲ ಆ ಸುತ್ತುಗಳು ನುಂಗಿಕೊಳ್ಳುತ್ತವೆ.

ಇದನ್ನು ಅರುಣಕುಮಾರ ಮಾಸ್ತರಿಗೆ ಫೋನಿನಲ್ಲಿ ಹೇಳಿದ್ದೆ. ಒಪ್ಪಲಿಲ್ಲ. “ಶಾಹಿಸ್ತಾ, ನಾ ಡ್ರಾಯಿಂಗ್ ಮಾಸ್ತರ. ನನ್ನ ಗೆರಿ ಸೊಟ್ಟಾದ್ರ ಹುಡುಗರು ನಗ್ತಾರ.”

“ಹುಡುಗರು ನಕ್ಕರ ನಗಲಿ ಬಿಡ್ರಿ ಮಾಸ್ತರ, ಇಂಜಿನ್ ಅಳಬಾರದು.”

“ಅತ್ತರ ನೀ ಅದಿಯಲ್ಲ ಸಮಾಧಾನ ಮಾಡಾಕ” ಎಂದು ಜೋರಾಗಿ ನಕ್ಕರು.

ಬಹಳ ಹೊತ್ತು ಜಗಳಾಡಿದೆವು. ಕೊನೆಗೆ ನಾನೇ ಸೋತು, ಮುಂದಿನ ವಾರ ಬರುತ್ತೇನೆ, ನಿಮ್ಮ ಕಣ್ಣೆದುರೇ ಸುತ್ತಿ ಹಾಕುತ್ತೇನೆ ಎಂದೆ. ಆ ಮುಂದಿನ ವಾರ ಏನಾಯಿತೆಂದು ನಿನಗೆ ಬರೆಯುವುದು ಬೇಡ.

ಅವರ ನಗು ನಿನಗೆ ತಲುಪಿಸಬೇಕಿತ್ತು. ಇಷ್ಟು ದಿನ ನನ್ನ ಹತ್ತಿರವೇ ಉಳಿದುಬಿಟ್ಟಿತ್ತು.

ಹೊಸ ಪೈಪು ಸುತ್ತಿ, ಎರಡೂ ತುದಿಗೆ ಉಂಗುರ ಹಾಕಿ ಸಿದ್ಧ ಮಾಡುತ್ತೇನೆ. ಮನೆಗೆ ಬರುವುದು ಆಗಲಿಕ್ಕಿಲ್ಲ. ಬಸವನ ಬಾಗೇವಾಡಿ ಇಬ್ಬರಿಗೂ ನಡುವೆ ಆಗುತ್ತದೆ. ಅಕ್ಟೋಬರ್ ಮೊದಲ ಭಾನುವಾರ ಬೆಳಿಗ್ಗೆ ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಕೈಗೆ ಕೊಡುತ್ತೇನೆ.

ಶಾಹಿಸ್ತಾ

*

ಇಂಡಿ
9 ಅಕ್ಟೋಬರ್ 2024

ಶಾಹಿಸ್ತಾ,

ಬಾಗೇವಾಡಿಯ ಬಸ್‌ಸ್ಟ್ಯಾಂಡಿನ ಕಲ್ಲಿನ ಬೆಂಚಿನ ಮೇಲೆ ಇಬ್ಬರಿಗಾಗುವಷ್ಟು ಜಾಗ ಹಿಡಿದು ಕೂತಿದ್ದೆ. ನಿನಗೆ ಇಷ್ಟವೆಂದು ಶೇಂಗಾ ಹೋಳಿಗೆ ಮಾಡಿಕೊಂಡು ಬಂದಿದ್ದೆ. ಮುದ್ದೇಬಿಹಾಳದ ಬಸ್ಸಿನಿಂದ ಇಳಿದವನು ನಿನ್ನ ತಮ್ಮ ಫಯಾಜ.

ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ, ಇನ್ನು ಮುಂದೆ ಕಳಿಸಬೇಡ. “ಅಕ್ಕಗ ಜ್ವರಾ ಬಂದಾವ್ರಿ” ಎಂದ. ಚಹಾ ಕುಡಿಯುವಾಗ “ಮೊಣಕಾಲ ಭಾಳ ನೋಯ್ತಾವ್ರಿ ಅಕ್ಕಂದು” ಎಂದ. ಬಸ್ಸು ಹತ್ತುವಾಗ ಪಾಪ, ನನ್ನ ಮುಖ ನೋಡದೆ, “ಬರಾಕ ಅಂತ ಸೀರಿ ಉಟ್ಟಿದ್ಲರಿ, ಆಮ್ಯಾಲ ಬಿಚ್ಚಿ ಇಟ್ಲು” ಎಂದ. ಹೋಳಿಗೆಯ ಡಬ್ಬಿ ಅವನ ಕೈಗೆ ಕೊಟ್ಟೆ. ಜ್ವರವೂ ಮೊಣಕಾಲೂ ವಾಸಿಯಾಗಿದ್ದರೆ ತಿಂದಿರುತ್ತೀ.

ಪೈಪು ಚೆಂದವಿದೆ. ಹಳೆಯ ದಿನಪತ್ರಿಕೆ ಬಿಚ್ಚಿದಾಗ ಮೂರು ಸುತ್ತೂ ಹೊಳೆದವು. ಮೆತ್ತಗೆ ಎಳೆದರೆ ಎಳೆಸಿಕೊಂಡು, ಬಿಟ್ಟರೆ ತನ್ನ ಜಾಗಕ್ಕೆ ಬರುತ್ತದೆ. ಬಸ್ಸಿನಲ್ಲಿ ಇಡೀ ದಾರಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಎಳೆಯುತ್ತ ಬಿಡುತ್ತ ಕೂತಿದ್ದೆ.

ಆದರೆ ಹಾಕಿಲ್ಲ, ಶಾಹಿಸ್ತಾ. ಮಾಳಿಂಗರಾಯ ಬಂದಿದ್ದ, ಪಾನಾ ಹಿಡಿದು ಹಳೆಯ ಪೈಪಿಗೆ ಕೈ ಹಾಕಿದ. ನಾನು ಬೇಡ ಎಂದುಬಿಟ್ಟೆ. ಮೀಟರಿನಿಂದ ತಗಡಿನವರೆಗೆ ಆ ಪೈಪು ಹಲಗೆಯ ಕೆಳಗೆ ಎಷ್ಟು ನೆಟ್ಟಗೆ ಹೋಗಿದೆ ಗೊತ್ತೇ? ಅಳತೆಪಟ್ಟಿ ಇಟ್ಟು, ಉಸಿರು ಹಿಡಿದು ಎಳೆದ ಗೆರೆಯಂತೆ. ಅವನ ಡ್ರಾಯಿಂಗ್ ಹಾಳೆಗಳನ್ನೆಲ್ಲ ಶಾಲೆಯವರು ಒಯ್ದರು. ಉಳಿದ ಗೆರೆ ಇದೊಂದೇ. ಇದು ತಪ್ಪು ಗೆರೆ ಎಂದು ಗೊತ್ತಿದೆ. ಆದರೂ ಕಿತ್ತು ಒಗೆಯಲು ಕೈ ಬರುವುದಿಲ್ಲ.

ಅತ್ತೆ ಸೀಟಿನಲ್ಲಿ ಕೂತು ಎಲ್ಲ ನೋಡುತ್ತಿದ್ದರು. ಮಾಳಿಂಗರಾಯ ಹೋದ ಮೇಲೆ, “ಇಂಜಿನ್ ಕೊಟ್ಟಾಕಿ ಯಾಕ ಬರವಲ್ಲಳು?” ಎಂದು ಕೇಳಿದರು. ಗೊತ್ತಿಲ್ಲ ಅತ್ತೆ ಎಂದೆ. ಅಡಿಕೆ ಕತ್ತರಿಸುತ್ತಲೇ, “ಆವತ್ತ ನಾ ಈ ಗಾಡೀಗಿ ಏನೇನ ಅಂದ್ನೋ ಏನೋ. ಖಬರ್ ಇರ್ಲಿಲ್ಲ ನನಗ. ನನ್ನ ಮಗನ್ನ ನುಂಗ್ತು ಅಂದ್ನೆಂತ. ಅಕಿ ಕಿವೀಗಿ ಬಿತ್ತೇನು?” ಎಂದರು.

ಅವಳು ಬರಲೇ ಇಲ್ಲವಲ್ಲ ಅತ್ತೆ, ಹೇಗೆ ಬೀಳುತ್ತದೆ ಎಂದೆ.

ಡಬ್ಬಿ ಮರಳಿಸುವುದು ಬೇಡ, ನೀನೇ ತಂದರೆ ಬೇರೆ ಮಾತು.

ಸುವರ್ಣಾ

*

ಮುದ್ದೇಬಿಹಾಳ
28 ನವೆಂಬರ್ 2024

ಸುವರ್ಣಾ,

ತಡವಾಯಿತು. ನಾಲ್ಕು ಸಲ ಬರೆದು ಹರಿದೆ. ಹರಿದ ಚೂರುಗಳಲ್ಲಿ ಕೈ ಒರೆಸಿಕೊಂಡೆ, ಆದ್ದರಿಂದ ನಷ್ಟವೇನಿಲ್ಲ.

ಹೋಳಿಗೆಯಲ್ಲಿ ಏಲಕ್ಕಿ ಹೆಚ್ಚಾಗಿತ್ತು. ಅಪ್ಪ ಹಾಗಲ್ಲ ಎಂದ. ಡಬ್ಬಿ ಖಾಲಿಯಾಗುವವರೆಗೆ ಅದೇ ವಾದ ಇತ್ತು.

ಅತ್ತೆಯವರಿಗೆ ಹೇಳು, ಹೆತ್ತವಳು ಆ ದಿನ ಏನು ಅಂದರೂ ಸರಿ. ಮಾಸ್ತರು ಕುಸಿದದ್ದು ಆ ಶೆಡ್ಡಿನಲ್ಲಿ, ನಾನು ಕೈಯಾರೆ ಆರಿಸಿ ಕೊಟ್ಟ ಇಂಜಿನ್ನಿನ ಮುಂದೆ. ಡಾಕ್ಟರು ಎದೆಯದೇ ತೊಂದರೆ, ಮನೆಯಲ್ಲಿ ಮಲಗಿದ್ದರೂ ಆಗುತ್ತಿತ್ತು ಎಂದರಂತೆ. ಬುದ್ಧಿಗೆ ಅದು ತಿಳಿಯುತ್ತದೆ. ಇಂಜಿನ್ ಏರಿಸಿದ ಕೈಗೆ ತಿಳಿಯುವುದಿಲ್ಲ. ನಿನ್ನ ಮುಖ ನೋಡಿದರೆ ನೀನೂ ಹಾಗೆ ಅಂದುಕೊಂಡಿದ್ದೀಯಾ ಎಂದು ಕಂಡುಬಿಡುತ್ತದೆ. ಕಾಣುವುದು ನನಗೆ ಬೇಡವಾಗಿತ್ತು. ಪತ್ರದಲ್ಲಿ ಮುಖವಿಲ್ಲ, ಅದೊಂದು ಅನುಕೂಲ.

ಆ ಎರಡನೆಯ ಸಾಲು: ‘ಕೆಳಗೆ ಯಾರೋ ಬಕೀಟು ಇಟ್ಟಿರುತ್ತಾರೆ.’ ಇಟ್ಟವಳು ನೀನು. ನಾನು ವಾರ್ಡನ್ ಹತ್ತಿರ ಕೂಗಾಡುತ್ತಿದ್ದಾಗ ನೀನು ಸುಮ್ಮನೆ ನಲ್ಲಿಯ ಕೆಳಗೆ ಬಕೀಟು ಇಟ್ಟೆ, ಆ ವರ್ಷವೆಲ್ಲ ನಾವಿಬ್ಬರೂ ಅದೇ ನೀರಿನಲ್ಲಿ ಬಟ್ಟೆ ಒಗೆದೆವು. ಬರೆದವಳಿಗೆ ನೆನಪಿದೆ, ಇಟ್ಟವಳಿಗೆ ಮರೆತಿದೆ, ನೋಡು.

ಗೆರೆ ಕೀಳಬೇಡ. ಅದಕ್ಕೊಂದು ದಾರಿ ಇದೆ, ಆದರೆ ಮಾಳಿಂಗರಾಯನ ಕೈಗೆ ಬಿಡುವ ಕೆಲಸವಲ್ಲ. ನೀನು ಸಿಂದಗಿಗೆ ಯಾವ ದಿನ ಹೋದರೆ ಸಂಜೆಯವರೆಗೆ ಬರುವುದಿಲ್ಲ? ಶೆಡ್ಡಿನ ಕೀಲಿ ಎಲ್ಲಿಡುತ್ತೀ?

ಶಾಹಿಸ್ತಾ

*

ಇಂಡಿ
6 ಡಿಸೆಂಬರ್ 2024

ಶಾಹಿಸ್ತಾ,

ಬುಧವಾರ ಕೊನೆಯ ತರಗತಿಯವರೆಗೂ ನನ್ನದೇ ಪಾಠ. ಮನೆಗೆ ಬರುವಷ್ಟರಲ್ಲಿ ದೀಪ ಹಚ್ಚಿರುತ್ತಾರೆ. ಕೀಲಿ ಎದುರುಮನೆಯ ಹುಲಿಗೆವ್ವನ ಹತ್ತಿರ ಇರುತ್ತದೆ. ಕೇಳಿದರೆ ಕೊಡುತ್ತಾಳೆ, ಕೊಡುವ ಮುಂಚೆ ಹತ್ತು ಪ್ರಶ್ನೆ ಕೇಳುತ್ತಾಳೆ.

ನನ್ನ ಮುಖದಲ್ಲಿ ನೀನು ಹೆದರಿದ್ದು ಯಾವತ್ತೂ ಇರಲಿಲ್ಲ. ನೋಡಲು ಬಂದಿದ್ದರೆ ಕಾಣುತ್ತಿತ್ತು ಎಂಬುದಷ್ಟೇ ನನ್ನ ಸಿಟ್ಟು.

ಬುಧವಾರಗಳಂದು ಮನೆಯಲ್ಲಿರದ,
ಸುವರ್ಣಾ

*

ಇಂಡಿ
19 ಜನವರಿ 2025

ಶಾಹಿಸ್ತಾ,

ನಿನ್ನೆ ಸಮಾಧಿಗೆ ಹೋದೆವು. ಅತ್ತೆ ಬೆಳಿಗ್ಗೆಯೇ ತಲೆಗೆ ಎರೆದುಕೊಂಡು, ಎಣ್ಣೆಯ ಕಲೆ ಹೋಗದ ಅದೇ ಇಲಕಲ್ ಸೀರೆ ಉಟ್ಟು ಬಂದು ಕೂತರು. ಬೇರೆ ಸೀರೆ ಉಡಿ ಎಂದರೆ, “ಗಾಡೀಗಿ ಈ ಸೀರಿ ಗುರ್ತ ಐತಿ” ಎಂದರು. ಕೀಲಿ ತಿರುವಿದೆ. ಮುಳ್ಳು ನಡುಗಿತು, ಎದ್ದಿತು, ನಿಂತಿತು. ಅವರಿಗೆ ಮೀಟರಿನ ಅಂಕಿ ಕಾಣುವುದಿಲ್ಲ. ನನ್ನ ಮೊಣಕೈ ತಟ್ಟಿ ಕೇಳಿದರು: “ಎದ್ದಾನೇನು?”

ಎದ್ದಾನ ಅತ್ತೆ, ಎಂದೆ.

ತೋಟದ ದಾರಿಯಲ್ಲಿ ಮೊದಲ ಗೇರಿನಲ್ಲೇ ಹೋದೆ. ನಿಂಬೆಯ ಗಿಡಗಳು ಎರಡೂ ಕಡೆಯಿಂದ ಕಾರಿನ ಮೈ ಸವರುತ್ತಿದ್ದವು. ಸಮಾಧಿಯ ಹತ್ತಿರ ಇಂಜಿನ್ ಆರಿಸಲು ಹೋದರೆ ಬೇಡ ಎಂದರು. ಹಾಗೇ ಓಡುತ್ತಿರಲಿ, ಅವನು ಕೇಳಲಿ ಎಂದು. ಮುಳ್ಳು ಅಷ್ಟು ಹೊತ್ತೂ ಕದಲಲಿಲ್ಲ. ತಿರುಗಿ ಬಂದ ಮೇಲೆ ಅತ್ತೆ ತಮ್ಮ ಪಾದವನ್ನು ಮುಟ್ಟಿ ಮುಟ್ಟಿ ನೋಡಿಕೊಂಡರು. ಒಣಗಿತ್ತು. ಸ್ವಲ್ಪ ಬೇಜಾರಾದಂತೆ ಕಂಡಿತು ನನಗೆ.

ಆ ಬುಧವಾರ ನೀನು ಬಂದು ಮಾಡಿಟ್ಟು ಹೋದದ್ದನ್ನು ಹಗಲಿನಲ್ಲಿ ಮತ್ತೆ ನೋಡಿದೆ. ಒಳಗೆ, ಹಲಗೆಯ ಕೆಳಗೆ ಅರುಣನ ನೆಟ್ಟಗಿನ ಗೆರೆ ಹಾಗೇ ಇದೆ. ತಗಡಿನ ಆಚೆ ಬಿರುಕಿನ ತುಂಡನ್ನಷ್ಟೇ ಕತ್ತರಿಸಿ, ಅಲ್ಲೊಂದು ಜೋಡಣೆ ಹಾಕಿ ನಿನ್ನ ಮೂರು ಸುತ್ತನ್ನು ಸೇರಿಸಿದ್ದೀ. “ಜೋಡಣಿ ಹೆಚ್ಚಾದಂಗ ಸೋರೂ ಜಾಗಾನೂ ಹೆಚ್ಚು. ಆದ್ರೂ ಹಾಕೇನಿ, ವರ್ಷಕ್ಕೊಮ್ಮೆ ಬಂದು ನೋಡಬೇಕಾಕ್ಕೈತಿ” ಎಂದು ನೀನು ಬಯ್ಯುವ ದನಿಯಲ್ಲಿ ಹೇಳಿದೆಯಲ್ಲ, ಆ ಮಾತನ್ನು ಬಿಗಿಯಾಗಿ ಹಿಡಿದುಕೊಂಡಿದ್ದೇನೆ.

ಅತ್ತೆಯ ಕಥೆ ನೀನು ಹೇಳಿದಾಗ ಅರ್ಧ ಕೇಳಿಸಿಕೊಂಡಿದ್ದೆ, ಉಳಿದರ್ಧವನ್ನು ಅವರೇ ಹೇಳಿದರು. ನೀನು ಬಾನೆಟ್ಟಿನೊಳಗೆ ಬಗ್ಗಿದ್ದಾಗ ಕೋಲು ಊರಿಕೊಂಡು ಬಂದು, ಎಂದಿನಂತೆ ಎಡಗಡೆ ಕೂತು, “ಯಾರವಾ ನೀ?” ಎಂದರಂತೆ. ನೀನು ತಲೆ ಎತ್ತದೆ “ಇಂಜಿನ್ ಕೊಟ್ಟಾಕಿರಿ” ಎಂದೆಯಂತೆ. ಆಮೇಲೆ ನಿನ್ನ ಪಾನಾದ ಸದ್ದು, ಅವರ ಅಡಕೊತ್ತಿನ ಸದ್ದು. ಕೊನೆಗೆ ಅವರು, “ನನ್ನ ಮಗಾ ಸಾಯೂ ಮಟಾ ಖುಷಿಯಿಂದ ಇದ್ದ, ಇದರ ಮುಂದ. ಅದನ್ನ ಕೊಟ್ಟಾಕಿ ನೀ. ಉಂಡಿಯೇನು?” ಎಂದರಂತೆ. “ಬಾನೆಟ್ಟಿನಾಗ ಮಾರಿ ಇಟ್ಟು ಅತ್ತಳು, ನಾ ನೋಡಿಲ್ಲ ಅಂತ ಮಾಡ್ಯಾಳ” ಎಂದರು ಅತ್ತೆ. ನಾನು ಹೇಳಿದೆ ಎಂದು ಹೇಳಬೇಡ.

ಈಗ ನಿನಗೆ ಗೊತ್ತಿಲ್ಲದ ಒಂದು ಮಾತು. ಆ ಬುಧವಾರ ಸಂಜೆ ನಾನು ಬಂದು ನಿನ್ನೆದುರು ನಿಂತಾಗ ನಗುತ್ತಲೂ ಇದ್ದೆ, ಅಳುತ್ತಲೂ ಇದ್ದೆ. ಏನಾಯಿತೇ ಎಂದು ನೀನು ಮತ್ತೆ ಮತ್ತೆ ಕೇಳಿದೆ. ಬಸ್ಸಿನ ಧೂಳು ಎಂದೆ. ಫಯಾಜನಷ್ಟೇ ಚೆನ್ನಾಗಿ ಸುಳ್ಳು ಹೇಳಿದೆ.

ಆ ದಿನ ಸಿಂದಗಿಯ ಬಸ್ಸು ಬೇಗ ಸಿಕ್ಕಿತ್ತು. ಸಿಗಲಿ ಎಂದೇ ಕೊನೆಯ ತರಗತಿಯನ್ನು ಬೇರೆಯವರಿಗೆ ಒಪ್ಪಿಸಿ ಬಂದಿದ್ದೆ. ಹೊಸ ವರ್ಷದ ಎಲ್ಲ ಬುಧವಾರಗಳಲ್ಲೂ ಹಾಗೇ ಮಾಡಿದ್ದೆ. ಓಣಿಗೆ ಬಂದರೆ ಶೆಡ್ಡಿಗೆ ಕೀಲಿ ಹಾಕಿದೆ. ಕಿಂಡಿಯಲ್ಲಿ ನೋಡಿದರೆ ಕಾರಿನ ಬಾನೆಟ್ ಮುಚ್ಚಿದೆ, ಸೀಟಿನ ಮೇಲೆ ನನ್ನ ಹೋಳಿಗೆ ಡಬ್ಬಿ. ಬಂದು ಹೋಗಿಬಿಟ್ಟಳು ಎಂದುಕೊಂಡೆ. ಈ ಸಲವೂ ಬರಲಿಲ್ಲ ಎಂದೇ ಲೆಕ್ಕ ಅಲ್ಲವೇ ಅದು, ನನ್ನ ಪಾಲಿಗೆ? ಮನೆಯ ಬಾಗಿಲಿಗೆ ಹೋದರೆ ಹೊಸ್ತಿಲ ಮೇಲೆ ಹುಲಿಗೆವ್ವ ಕೂತಿದ್ದಾಳೆ, ಸೊಂಟಕ್ಕೆ ಕೈ ಕೊಟ್ಟು, ನನ್ನ ದಾರಿಗೆ ಅಡ್ಡವಾಗಿ. ಚಪ್ಪಲಿ ಬಿಡಲೂ ಬಿಡಲಿಲ್ಲ.

“ಚಪ್ಪಲ್ ಬಿಡಬ್ಯಾಡ, ಮದಲ ನಮ್ಮ ಮನೀಗಿ ನಡಿ. ಮುದ್ದೇಬಿಹಾಳದಾಕಿ ಬಂದಾಳ. ಬರಲಿಲ್ಲ ಬರಲಿಲ್ಲ ಅಂತ ಮೂರ ವರ್ಸ ಸುಳ್ಳ ಅತ್ತಿಯಲ್ಲ ತಂಗಿ, ಮಾಸ್ತರ ಹೋದ ದಿನಾ ಹೊತ್ತ ಮುಣಗೂ ಮಟಾ ನನ್ನ ಕಟ್ಟಿ ಮ್ಯಾಲ ಕುಂತು, ನಿಮ್ಮ ಬಾಗಲಾ ನೋಡಿ ನೋಡಿ, ಒಳಗ ಬರಲಾರದ ಎದ್ದ ಹ್ವಾದಾಕಿ ಇಕೀನ. ನಾನ ನೀರ ಕೊಟ್ಟೇನಿ. ಯಾರ ಏನ ಅಂತ ಗೊತ್ತಿರಲಿಲ್ಲ, ಇವತ್ತ ಕೀಲಿ ಕೇಳಾಕ ಕೈ ಚಾಚಿದ್ಲು ನೋಡು, ಉಗುರಾಗಿನ ಎಣ್ಣಿ ನೋಡಿ ಗುರ್ತ ಹಿಡದ್ನಿ. ಇವತ್ತೂ ನೀ ಬರೂದ್ರಾಗ ಬಸ್ಸಿಗಿ ಹೊಂಟಿದ್ಲು. ನಾ ಬಿಡ್ತೇನೇನು? ಚಾ ಕುಡದ ಹೋಗು ಅಂತ ಒಳಗ ಕರದು ಹೊರಗಿಂದ ಚಿಲಕಾ ಹಾಕೇನಿ. ಆಗಿಂದ ಬಾಗಲಾ ಬಡದು ಬಡದು ಬಯ್ಯಾಕತ್ಯಾಳ. ಹೋಗು, ನೀನ ತಗೀ.”

ಸುವರ್ಣಾ